ಮನೇಲಿ ಯಾರಿದಾರೆ?

ಗಾಜಿನವನ ಕೈ ಬೆಳಿಗ್ಗೆ ಎದ್ದ ಕೂಡಲೇ ನಡುಗುತ್ತಿತ್ತು. ಒಂದು ಗುಟುಕು ಒಳಗೆ ಹೋದರೆ ನಿಲ್ಲುತ್ತಿತ್ತು. ಕಿಟಕಿ, ಕನ್ನಡಿಗಳಿಗೆ ಗಾಜು ಕತ್ತರಿಸಿ ಬದುಕುವವನಿಗೆ ಕೈ ನಿಲ್ಲದಿದ್ದರೆ ಹೊಟ್ಟೆಪಾಡು ನಡೆಯುವುದು ಹೇಗೆ? ಹಾಗಾಗಿ ಅದನ್ನು ಅವನು ಕುಡಿತ ಎಂದುಕೊಂಡಿರಲೇ ಇಲ್ಲ. ಕೆಲಸಕ್ಕೆ ಬೇಕಾದ ಸಾಮಾನು ಎಂದುಕೊಂಡಿದ್ದ.

ಇದಕ್ಕೂ ಮುಂಚೆ ಅವನನ್ನು ಹಿಡಿದಿದ್ದು ಹೆರಾಯಿನ್ ಪುಡಿ. ಅದರಿಂದ ಬಿಡಿಸಿದ್ದು ಆಸ್ಪತ್ರೆಯ ಮೆಥಡೋನ್ ಸಿರಪ್. ದಿನಾ ಬೆಳಿಗ್ಗೆ ಹೋಗಿ ನರ್ಸ್ ಎದುರಿಗೇ ಕುಡಿದು ಬರಬೇಕು. ವರ್ಷಗಳಿಂದ ತಪ್ಪಿಸಿರಲಿಲ್ಲ. ಆದರೆ ಪುಡಿ ಬಿಡುವಾಗ ಪುಡಿಯ ಗೆಳೆಯರನ್ನೂ ಬಿಡಬೇಕಾಗಿತ್ತು. ಆ ಜಾಗಕ್ಕೆ ಬೇರೆ ಯಾರಾದರೂ ಬಂದಾರು ಎಂದು ಕಾದ. ಯಾರೂ ಬರಲಿಲ್ಲ, ಬಾಟಲಿ ಬಂತು.

ಒಂದು ಬೆಳಿಗ್ಗೆ ನರ್ಸ್ ಸಿರಪ್ಪಿನ ಲೋಟ ಹಿಂದಕ್ಕೆ ಎಳೆದುಕೊಂಡಳು.

"ವಾಸನೆ ಬರ್ತಿದೆ ಅಣ್ಣ. ಕುಡಿದಿರೋರಿಗೆ ಇದನ್ನ ಕೊಟ್ರೆ ಉಸಿರೇ ನಿಂತುಹೋಗಬಹುದು. ಮೊದ್ಲು ಡಾಕ್ಟರಮ್ಮನ್ನ ನೋಡಿ."

ಡಾಕ್ಟರಮ್ಮ ಬೈಯಲಿಲ್ಲ. ಕೈ ಚಾಚಲು ಹೇಳಿ ಬೆರಳುಗಳನ್ನೇ ನೋಡಿದರು.

"ನಾಳೆಯಿಂದ ಮುಟ್ಟಲ್ಲ," ಎಂದ ಅವನು.

"ಹಾಗೆ ಮಾತ್ರ ಮಾಡ್ಬೇಡಿ. ದಿನಾ ಕುಡಿಯೋರು ತಟ್ಟನೆ ನಿಲ್ಲಿಸಿದ್ರೆ ಫಿಟ್ಸ್ ಬರುತ್ತೆ, ಜೀವಕ್ಕೇ ಅಪಾಯ. ಮಾತ್ರೆ ಕೊಟ್ಟು ನಿಲ್ಲಿಸ್ಬೇಕು. ಆದ್ರೆ ಆ ಮಾತ್ರೆನೂ ಮಂಪರು ತರುತ್ತೆ, ಸಿರಪ್ಪೂ ತರುತ್ತೆ. ಪಕ್ಕದಲ್ಲಿ ಯಾರಾದ್ರೂ ಇರ್ಲೇಬೇಕು. ಮನೇಲಿ ಯಾರಿದಾರೆ?"

"ಅಕ್ಕ ಇದಾಳೆ," ಎಂದುಬಿಟ್ಟ.

ಅಕ್ಕ ಇದ್ದದ್ದೇನೋ ನಿಜ, ಬೇರೆ ಊರಲ್ಲಿ. ಪುಡಿಯ ಕಾಲದಲ್ಲಿ ಇವನು ಅವಳ ಹೊಲಿಗೆ ಯಂತ್ರವನ್ನೇ ಹೊತ್ತುಕೊಂಡು ಹೋಗಿ ಮಾರಿದ ಮೇಲೆ ಮಾತು ಬಿಟ್ಟಿದ್ದಳು. ಆದರೂ ಸುಳ್ಳು ಹೇಳಿದ್ದೇಕೆಂದರೆ, ಯಾರೂ ಇಲ್ಲದಿದ್ದರೆ ವಾರ್ಡಿಗೆ ಸೇರಿಸುತ್ತಾರೆ, ವಾರ್ಡು ಅಂದರೆ ಅವನಿಗೆ ಎದೆ ಝಲ್ಲೆನ್ನುತ್ತಿತ್ತು. ಹಿಂದೊಮ್ಮೆ ಪುಡಿ ಬಿಡಿಸುತ್ತೇವೆಂದು ಬೇರೆಲ್ಲೋ ಕೂಡಿಹಾಕಿ, ಯಾವ ಔಷಧಿಯನ್ನೂ ಕೊಡದೆ ನರಳಲು ಬಿಟ್ಟಿದ್ದರು. ಜೊತೆಗೆ, ಮನೇಲಿ ಯಾರೂ ಇಲ್ಲ ಎನ್ನಲು ನಾಚಿಕೆಯಾಯಿತು.

"ನಾಳೆ ಕರ್ಕೊಂಡು ಬನ್ನಿ," ಎಂದರು ಡಾಕ್ಟರಮ್ಮ. ಮಧ್ಯಾಹ್ನ ಅಮಲು ಇಳಿದ ಮೇಲೆ ಮತ್ತೆ ಪರೀಕ್ಷೆ ಮಾಡಿ, ಸಿರಪ್ ಕೊಟ್ಟು ಕಳಿಸಿದರು.

ಅವನ ಕೋಣೆಯ ಕೆಳಗೆ ಇಸ್ತ್ರಿ ಅಂಗಡಿ. ನಡೆಸುವವಳು ಒಂಟಿ ಹೆಂಗಸು, ಅವನಿಗಿಂತ ಕೊಂಚ ದೊಡ್ಡವಳು. ಬಿಸಿಲು ಜೋರು, ಮಳೆ ಬರೋ ಹಾಗಿದೆ ಎಂಬುದರಾಚೆ ಇಬ್ಬರಲ್ಲಿ ಮಾತಿರಲಿಲ್ಲ. ಅವನು ಅಂಗಡಿ ಮುಂದೆ ನಿಂತು, ಆಸ್ಪತ್ರೆಯ ವಿಷಯ ಹೇಳಿ, ಒಂದು ದಿನದ ಮಟ್ಟಿಗೆ ತನ್ನ ಅಕ್ಕ ಆಗುತ್ತೀರಾ ಎಂದು ಕೇಳಿದ.

ಅವಳು ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. "ಅಕ್ಕಾನೇ ಯಾಕೆ? ತಂಗಿ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಆದರೆ ಮಾರನೆಯ ದಿನ ಒಳ್ಳೆಯ ಸೀರೆ ಉಟ್ಟು ಜೊತೆಗೆ ಬಂದಳು.

ಡಾಕ್ಟರಮ್ಮ ಅವಳಿಗೆ ಬಿಡಿಸಿ ಹೇಳಿದರು. ಮಾತ್ರೆ ಇವರ ಕೈಗೆ ಕೊಡದೆ ನೀವೇ ಇಟ್ಟುಕೊಳ್ಳಬೇಕು. ಮಲಗಿದಾಗ ಉಸಿರು ನೋಡುತ್ತಿರಬೇಕು. ಕರೆದರೆ ಏಳದಿದ್ದರೆ, ತುಟಿ ನೀಲಿಯಾದರೆ, ತಕ್ಷಣ ಆಂಬುಲೆನ್ಸ್ ಕರೆಸಬೇಕು. ಅವಳು ಮಡಿಲಲ್ಲಿ ಕೈ ಕಟ್ಟಿಕೊಂಡು ಕೇಳುತ್ತ ಕೇಳುತ್ತ ಬಿಳಿಚಿಕೊಂಡಳು.

"ನಿನ್ನೆ ಸಂಜೆ ಏನಾದ್ರೂ ತಿಂದ್ರಾ ಇವರು?"

ಅವಳು ಅವನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ನನಗೊತ್ತಿಲ್ಲ ಡಾಕ್ಟರಮ್ಮ. ನಾನು ಇವರ ಅಕ್ಕ ಅಲ್ಲ, ಕೆಳಗಡೆ ಇಸ್ತ್ರಿ ಮಾಡೋಳು. ಬಟ್ಟೆ ವಿಷಯ ಕೇಳಿ ಹೇಳ್ತೀನಿ. ಇವರು ಸತ್ರೆ ನನಗೆ ಗೊತ್ತಾಗೋದು ವಾಸನೆ ಬಂದ್ಮೇಲೇ. ನನ್ನ ಕೈಲಿ ಈ ಸುಳ್ಳು ಆಗಲ್ಲ."

ಅವನ ಮುಖಕ್ಕೆ ರಕ್ತ ನುಗ್ಗಿತು. ಎದ್ದು ಹೋಗಲು ಕುರ್ಚಿ ಹಿಂದಕ್ಕೆ ಸರಿಸಿದ.

"ವಾರ್ಡಿಗೆ ಬನ್ನಿ," ಎಂದರು ಡಾಕ್ಟರಮ್ಮ ಮೆತ್ತಗೆ. "ಸಿರಪ್ ನಿಲ್ಲಿಸಲ್ಲ. ಒಟ್ಟಿಗೆ ಎರಡನ್ನೂ ಯಾರೂ ಬಿಡಿಸಲ್ಲ. ನಿಲ್ಲೋದು ಕುಡಿತ ಮಾತ್ರ."

ಆ ಒಂದು ಮಾತಿಗೆ ಅವನು ಒಪ್ಪಿದ.

ವಾರ್ಡಿನಲ್ಲಿ ಬೆವರು ಹಾಸಿಗೆಗೇ ಇಳಿಯಿತು, ಗೋಡೆಯ ಮೇಲೆ ಇರುವೆಗಳ ಸಾಲು ಹರಿದಂತಾಯಿತು. ನರ್ಸ್ ಬಂದು ಇರುವೆ ಇಲ್ಲ ಅಣ್ಣ ಎನ್ನುವಳು, ನಾಡಿ ನೋಡುವಳು. ಮಂಪರು ಹೆಚ್ಚಿದ್ದರೆ ಮಾತ್ರೆ ತಡೆಹಿಡಿಯುವಳು, ನಡುಕ ಹೆಚ್ಚಿದರೆ ಕೊಡುವಳು. ಸಿರಪ್ ಮಾತ್ರ ದಿನಾ ಬಂತು. ಫಿಟ್ಸ್ ಬರಲಿಲ್ಲ. ಕಷ್ಟವಾದದ್ದು ಸಂಜೆ, ಎಲ್ಲರ ಮನೆಯವರು ಬರುವ ಹೊತ್ತು. ಪಕ್ಕದ ಮಂಚದವನಿಗೆ ಹೆಂಡತಿ ಉಗುರು ಕತ್ತರಿಸುತ್ತಿದ್ದಳು. ಗಾಜಿನವನು ಗೋಡೆ ಕಡೆ ತಿರುಗಿ ನಿದ್ದೆ ಬಂದವನಂತೆ ಬಿದ್ದುಕೊಳ್ಳುತ್ತಿದ್ದ.

ಬಿಡುಗಡೆಯಾಗಿ ಮನೆಗೆ ಬಂದಾಗ ಇಸ್ತ್ರಿಯವಳು ಅಂಗಿಯೊಂದರ ಕಾಲರ್ ತೀಡುತ್ತಿದ್ದಳು.

"ಬಂದ್ರಾ?"

"ಹೂಂ."

"ನಾನೂ ಬಂದಿದ್ದೆ ನೋಡೋಕೆ. ಅವರು ನಿಮಗೇನಾಗ್ಬೇಕು ಅಂತ ಗೇಟಿನೋನು ಕೇಳ್ದ. ಏನೂ ಆಗ್ಬೇಕಿಲ್ಲ ಅಂದೆ. ಒಳಗೆ ಬಿಡ್ಲಿಲ್ಲ."

ಅವನು ಮೇಲಕ್ಕೆ ಹೋಗಿ, ಉಳಿದಿದ್ದ ಬಾಟಲಿಯನ್ನು ಬಚ್ಚಲಿಗೆ ಸುರಿದು, ಕಿಟಕಿ ತೆರೆದು, ಮತ್ತೆ ಕೆಳಗಿಳಿದು ಬಂದ. ಅಂಗಡಿಯ ಬೆಂಚಿನ ತುದಿಯಲ್ಲಿ ಕೂತ. ಅವಳು ಕೂತಿರಲು ಬಿಟ್ಟಳು. ಕೊನೆಯ ಬಟ್ಟೆ ಮಡಿಸಿ, ಅವಳು ಶಟರ್ ಎಳೆದು ಬೀಗ ಹಾಕಿಕೊಂಡು ಹೊರಟಳು.

ಅವನು ಮೆಟ್ಟಿಲು ಹತ್ತಿದ. ಹೊರಗೆ ಇನ್ನೂ ಬೆಳಕಿತ್ತು. ಮಲಗುವ ಹೊತ್ತು ಬಹಳ ದೂರವಿತ್ತು.