ಮಾದರಿ ಮನೆಯ ಬಿಸಿ

"ಯಾವಳೇ ಇದನ್ನ ಹಾಕಿದ್ದು? ನಿಮ್ಮಪ್ಪನ ಮನೆ ಕರೆಂಟಾ ಇದು, ಮುಂಡೇವಾ?"

ಸೈಟಿನ ಮುಖ್ಯಸ್ಥ ಯೆರ್ಬೊಲಾತ್ ಬಾಗಿಲು ಬಡಿಯದೆ ನುಗ್ಗಿದ್ದ. ನಾವು ಉಳಿದುಕೊಂಡಿದ್ದ ತಗಡಿನ ಕಂಟೇನರಿನೊಳಗೆ ಹನ್ನೊಂದು ಜನ ಹೆಂಗಸರು ಗಾರೆ ಮೆತ್ತಿದ ಬಟ್ಟೆ ಬದಲಿಸುತ್ತಿದ್ದೆವು. ಅವನು ನಮ್ಮ ಮೈ ಕಡೆ ನೋಡಲಿಲ್ಲ, ಮುಖದ ಕಡೆಯೂ ನೋಡಲಿಲ್ಲ. ಅವನ ಕಣ್ಣಿದ್ದದ್ದು ನೆಲದ ಮೇಲಿನ ಹೀಟರಿನ ಮೇಲೆ. ವೈರು ಹಿಡಿದು ಜಗ್ಗಿದ. ಹೀಟರಿನ ಮುಂದೆ ಒಣಗಲು ಹರವಿದ್ದ ಕೈಗವಸುಗಳು ಚೆಲ್ಲಾಪಿಲ್ಲಿಯಾದವು.

"ನಾನೇ ಹಾಕ್ದೆ," ಎಂದಳು ಜೂರಾಕಾನಕ್ಕ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ. "ಹೊರಗೆ ಮೈನಸ್ ಇಪ್ಪತ್ತಾರು ಐತೆ. ಒಳಗೆಷ್ಟೈತೆ ಅಂತ ನೀನೇ ಉಸ್ರು ಬಿಟ್ಟು ನೋಡ್ಕೊ."

ಯೆರ್ಬೊಲಾತ್ ಉಸಿರು ಬಿಟ್ಟ. ಬಾಯಿಂದ ಹೊಗೆ ಬಂತು. ಅದು ಅವನಿಗೆ ದೊಡ್ಡ ಸಂಗತಿಯಾಗಿ ಕಾಣಲಿಲ್ಲ.

"ಡಿಸೆಂಬರ್ ಮುಗಿಯೋಗಂಟ ಇಲ್ಲಿ ಹೀಟರಿಲ್ಲ. ಒಂದು ದೀಪ, ಅಷ್ಟೆ. ಈ ವರ್ಸ ಸೈಟಿನ ಕರೆಂಟಿನಾಗೆ ಐದರಲ್ಲಿ ಒಂದು ಪಾಲು ಉಳಿಸ್ಬೇಕು ಅಂತ ಮೇಲಿಂದ ಗುರಿ ಬಂದೈತೆ. ನಾನೇನು ಕ್ರೇನ್ ನಿಲ್ಲಿಸ್ಲಾ?"

"ಕ್ರೇನು ನಿಂತು ಮೂರು ತಿಂಗ್ಳಾಯ್ತಲ್ಲಪ್ಪ."

"ಅದು ಉಳಿಸಿದ್ದು ಲೆಕ್ಕಕ್ಕೆ ಹೋಗೈತೆ. ಇನ್ನೂ ಸಾಲ್ದು. ಬೆಟ್ಟದಿಂದ ಇಳ್ದು ಬಂದಿರೋ ಜನ ನೀವು, ನಿಮಗ್ಯಾತರ ಚಳಿಯೇ?"

ಹೀಟರನ್ನು ಕುರಿಮರಿಯಂತೆ ಕಂಕುಳಲ್ಲಿ ಇರುಕಿಕೊಂಡು ಹೋದ. ಹೊರಗೆ ಮೇನ್ ಬಾಕ್ಸಿಗೆ ಬೀಗ ಬೀಳುವ ಸದ್ದು ಕೇಳಿಸಿತು. ಬೆಳಗಾಗುವ ಹೊತ್ತಿಗೆ ಗೋಡೆಯ ಬದಿ ಮಲಗಿದ್ದ ಅನಾರ್ಕಾನಳ ಜಡೆ ತಗಡಿಗೆ ಅಂಟಿಕೊಂಡಿತ್ತು. ಬಾಯಿಯ ಹಬೆ ಊದಿ ಊದಿ ಬಿಡಿಸಿದೆವು. ಬಾತ್ಕೆನ್ ಕಡೆಯವಳು ಅವಳು. ಇಪ್ಪತ್ತಾರು ವರ್ಷ. ನಗುತ್ತಲೇ ಇದ್ದಳು. ಆಗಲೇ ಕೆಮ್ಮು ಶುರುವಾಗಿತ್ತು.

ನಾವೆಲ್ಲ ಓಶ್, ಬಾತ್ಕೆನ್ ಕಡೆಯ ಕಿರ್ಗಿಜ್ ಹೆಂಗಸರು. ಪರದೇಶದ ರಾಜಧಾನಿ ಅಸ್ತಾನಾಕ್ಕೆ ಗಾರೆ ಕೆಲಸಕ್ಕೆ ಬಂದವರು. ಜೂರಾಕಾನಕ್ಕ ನಮ್ಮ ತಂಡದ ಹಿರಿಯಳು, ಐವತ್ತಾರು ದಾಟಿತ್ತು. ಸೋವಿಯತ್ ಕಾಲದಲ್ಲಿ ಶಾಲೆ, ಆಸ್ಪತ್ರೆಗಳ ಗೋಡೆಗೆ ಗಾರೆ ಬಳಿದ ಕೈ ಅವಳದು. ಅವಳು ಕರಣಿ ಎಳೆದ ಗೋಡೆಗೆ ಮಟ್ಟಗೋಲು ಇಟ್ಟು ನೋಡುವ ಧೈರ್ಯ ಯಾವ ಮೇಸ್ತ್ರಿಗೂ ಇರಲಿಲ್ಲ. ನನ್ನ ಹೆಸರು ತೋತುಯಾ. ಗಾರೆಯ ಜೊತೆಗೆ ನನಗೆ ಇನ್ನೊಂದು ಕೆಲಸವಿತ್ತು: ಎರಡನೇ ಮಹಡಿಯ ಮಾದರಿ ಮನೆಯ ದೂಳು ಹೊಡೆಯುವುದು. ಕೊಳ್ಳಲು ಬರುವವರಿಗೆ ತೋರಿಸಲೆಂದು ಸಿಂಗರಿಸಿಟ್ಟ ಮನೆ ಅದು. ಕೊಳ್ಳುವವರು ಬರುತ್ತಿರಲಿಲ್ಲ. ದೂಳು ಮಾತ್ರ ದಿನವೂ ಬರುತ್ತಿತ್ತು.

ಆ ವಾರ ಕ್ಯಾಂಟೀನಿನಲ್ಲಿ ವಾರ್ಷಿಕ ಸಭೆ ನಡೆಯಿತು. ದೊಡ್ಡ ಆಫೀಸಿನಿಂದ ಮಲಿಕಾ ಎಂಬ ಹುಡುಗಿ ಬಂದಿದ್ದಳು. ಪರಿಸರ, ಸುಸ್ಥಿರತೆ ಎಲ್ಲ ಅವಳ ಖಾತೆ. ಅವಳ ಬಿಳಿ ಹೆಲ್ಮೆಟ್ಟಿನ ಮೇಲೆ ಒಂದು ಗೀರೂ ಇರಲಿಲ್ಲ. ಪರದೆಯ ಮೇಲೆ ಉಳಿತಾಯದ ಲೆಕ್ಕ ತೋರಿಸುವ ಹಸಿರು ಕಂಬಗಳು ಒಂದಕ್ಕಿಂತ ಒಂದು ಎತ್ತರ ನಿಂತಿದ್ದವು.

"ಈ ವರ್ಷ ಮಾರುಕಟ್ಟೆ ತುಂಬಾ ಕಷ್ಟದಲ್ಲಿತ್ತು," ಎಂದಳು ಮಲಿಕಾ. "ನೂರ ನಲವತ್ತು ಮನೆಗಳಲ್ಲಿ ಒಂಬತ್ತು ಮಾತ್ರ ಮಾರಾಟವಾಗಿವೆ. ಆದರೂ ನಾವು ನಮ್ಮ ಹಸಿರು ಗುರಿಗಳನ್ನ ಬಿಟ್ಟುಕೊಟ್ಟಿಲ್ಲ. ಇದು ನಿಮ್ಮೆಲ್ಲರ ಗೆಲುವು."

ಯೆರ್ಬೊಲಾತ್ ಚಪ್ಪಾಳೆ ತಟ್ಟಿದ. ಅವನು ನೋಡುತ್ತಿದ್ದನಾದ್ದರಿಂದ ನಾವೂ ತಟ್ಟಿದೆವು. ಕೈಗೆ ಸ್ವಲ್ಪ ಬಿಸಿಯಾಯಿತು.

"ಏನಾದ್ರೂ ಕೇಳೋದಿದ್ಯಾ?" ಎಂದಳು ಮಲಿಕಾ.

ಜೂರಾಕಾನಕ್ಕ ಎದ್ದು ನಿಂತಳು. "ಮಾದರಿ ಮನೆಯಾಗೆ ಆರು ಹೀಟರು ಹಗಲೂ ರಾತ್ರಿ ಉರೀತವೆ. ಒಳಗೆ ಒಂದು ಇಲೀನೂ ಇಲ್ಲ. ಅದನ್ಯಾಕೆ ಆರಿಸಲ್ಲ, ತಾಯಿ?"

ಮಲಿಕಾ ಮುಗುಳ್ನಕ್ಕಳು. ಪ್ರಶ್ನೆ ಬಂದದ್ದು ಅವಳಿಗೆ ನಿಜಕ್ಕೂ ಖುಷಿ ತಂದಿತ್ತು. "ಒಳ್ಳೇ ಪ್ರಶ್ನೆ ಅಕ್ಕ. ಅದು ಮಾರಾಟ ವಿಭಾಗಕ್ಕೆ ಸೇರಿದ್ದು. ಸೈಟಿನ ಲೆಕ್ಕಕ್ಕೆ ಬರಲ್ಲ."

"ನಾವು?"

"ನೀವು ಸೈಟಿನ ಲೆಕ್ಕ."

ಸಭೆಯ ಕೊನೆಗೆ ತಲಾ ಒಂದು ಬಟ್ಟೆಯ ಚೀಲ ಕೊಟ್ಟರು. ಅದರ ಮೇಲೆ ಒಂದು ಎಲೆಯ ಚಿತ್ರವಿತ್ತು.

ಮರುದಿನ ಜೂರಾಕಾನಕ್ಕನನ್ನೂ ನನ್ನನ್ನೂ ಮಾದರಿ ಮನೆಗೆ ಕರೆಸಿದರು. ಕಂಪನಿಯಲ್ಲಿ ಹೆಂಗಸರ ಪಾಲು ಹೆಚ್ಚಿದೆ ಎಂದು ವರದಿಯಲ್ಲಿ ಬರೆದಿದ್ದರಂತೆ, ಅದಕ್ಕೊಂದು ಫೋಟೋ ಬೇಕಾಗಿತ್ತು. ಬಾಗಿಲು ತೆರೆದೊಡನೆ ಬಿಸಿ ಮುಖಕ್ಕೆ ಹೊಡೆಯಿತು. ಅಕ್ಕನ ಕನ್ನಡಕ ಮಬ್ಬಾಯಿತು. ಆ ಮನೆಯ ಗೋಡೆಗಳನ್ನು ಆಗಸ್ಟಿನಲ್ಲಿ ಬಳಿದವಳು ಅವಳೇ. ಮಬ್ಬುಗಣ್ಣಲ್ಲೇ ಹೋಗಿ ಗೋಡೆಯನ್ನು ಅಂಗೈಯಿಂದ ಸವರಿದಳು.

"ಕೈ ತೆಗಿಯಮ್ಮ, ಕಲೆಯಾಗತ್ತೆ," ಎಂದ ಫೋಟೋದವನು. "ಈ ಕರಣಿ ಹಿಡ್ಕೊ. ಹಂಗಲ್ಲ. ಹೂವು ಹಿಡ್ದಂಗೆ ಮೇಲೆತ್ತಿ ಹಿಡ್ಕೊ."

"ಹಿಂಗೆ ಹಿಡ್ದ್ರೆ ಗಾರೆ ಕಂಕುಳಿಗೆ ಸುರೀತದೆ."

"ಗಾರೆ ಎಲ್ಲಿದೆ ಇಲ್ಲಿ? ನಗು. ಹಲ್ಲು ತೋರಿಸ್ಬೇಡ, ಸುಮ್ನೆ ನಗು."

ಚಿನ್ನದ ಹಲ್ಲು ಮುಚ್ಚಿಕೊಂಡು ಅಕ್ಕ ನಕ್ಕಳು. ಹನ್ನೆರಡು ಫೋಟೋ ತೆಗೆದ. ಹದಿಮೂರನೆಯದಕ್ಕೆ ಯೆರ್ಬೊಲಾತ್ ಮೂಗು ಮುಚ್ಚಿಕೊಂಡು, "ಸಾಕು, ಬೇಗ ಹೊರಗೆ ಕಳ್ಸು ಇವರನ್ನ. ಬಿಸಿಗೆ ಬೆವರು ನಾತ ಎದ್ದು ಪರದೇಗೆಲ್ಲ ಹಿಡ್ಕೊಳ್ತದೆ," ಎಂದ. ನಾನು ಕಿಟಕಿ ತೆರೆದು, ನಮ್ಮ ನಾತ ಹೊರಗೆ ಕಳಿಸಿ, ಮತ್ತೆ ಮುಚ್ಚಿದೆ. ಅದೂ ನನ್ನದೇ ಕೆಲಸವಾಗಿತ್ತು.

ಅನಾರ್ಕಾನ್ ಬಿದ್ದದ್ದು ಅದಾದ ಮೂರನೇ ದಿನ. ಗಾರೆಯ ಬಾಂಡಲಿ ಕೈಯಲ್ಲೇ ಇತ್ತು. ಮೈ ಸುಡುತ್ತಿತ್ತು, ತುಟಿ ನೀಲಿಗಟ್ಟಿತ್ತು. ಆಂಬುಲೆನ್ಸ್ ಗೇಟಿನೊಳಗೆ ಬರುವುದು ಬೇಡವೆಂದ ಯೆರ್ಬೊಲಾತ್. ಬಂದರೆ ಗೇಟಿನ ಪುಸ್ತಕದಲ್ಲಿ ಬರೆಯಬೇಕು, ಬರೆದರೆ ವರದಿಯಲ್ಲಿ ಬರುತ್ತದೆ. ಹಾಗಾಗಿ ಗಾರೆ ಹೊರುವ ನಾಲ್ಕು ಹಿಡಿಯ ಉದ್ದನೆಯ ಮರದ ತಟ್ಟೆಯ ಮೇಲೆ ಅವಳನ್ನು ಮಲಗಿಸಿ, ಕಂಬಳಿ ಹೊದಿಸಿ, ನಾವು ನಾಲ್ವರು ಹೆದ್ದಾರಿಯವರೆಗೆ ಹೊತ್ತೆವು. ಆಂಬುಲೆನ್ಸಿನವನು ಅವಳ ಬೆನ್ನಿಗಂಟಿದ್ದ ಸುಣ್ಣವನ್ನು ನೋಡಿ, "ಇವಳನ್ನ ಎಲ್ಲಿಂದ ಅಗೆದು ತೆಗೆದ್ರಿ?" ಎಂದು ಕೇಳಿದ.

ಆಸ್ಪತ್ರೆಯವರು ನಾಲ್ಕು ದಿನ ಇಟ್ಟುಕೊಂಡರು. ಹೊರದೇಶದವಳು, ಅದಕ್ಕಿಂತ ಹೆಚ್ಚು ಇಟ್ಟುಕೊಳ್ಳಲಾಗದು ಎಂದು ಕಳಿಸಿದರು. ಕೈಯಲ್ಲಿ ಒಂದು ಚೀಟಿ. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ; ಹತ್ತು ದಿನ ಬೆಚ್ಚಗಿನ, ಒಣಗಿದ ಕೋಣೆಯಲ್ಲಿ ಮಲಗಿರಬೇಕು; ಚಳಿ ತಾಗಿದರೆ ಜೀವಕ್ಕೆ ಅಪಾಯ. ಕೆಳಗೆ ಮೊಹರು.

ಜೂರಾಕಾನಕ್ಕ ಚೀಟಿ ಹಿಡಿದು ಯೆರ್ಬೊಲಾತನ ಕೋಣೆಗೆ ಹೋದಳು. ಜೊತೆಗೆ ನಾನೂ.

ಅವನು ಓದಿದ. "ಊರಿಗೆ ಕಳ್ಸು."

"ಎರಡು ದಿನದ ಬಸ್ಸು. ದಾರೀಲೇ ಸತ್ತೋಗ್ತಾಳೆ ಕಣಪ್ಪ."

"ಸಾಯೋದಾದ್ರೆ ಬಸ್ಸಲ್ಲೇ ಸಾಯ್ಲಿ. ಸೈಟಲ್ಲಿ ಬ್ಯಾಡ. ಶುಕ್ರವಾರ ಈ ಹಸಿರು ಗುರಿ ನೋಡಿ ಸಾಲ ಕೊಡೋ ಬ್ಯಾಂಕಿನೋರು ಬರ್ತಾವ್ರೆ, ಹೊರದೇಶದೋರು."

ಅಕ್ಕ ಮಲಿಕಾಳನ್ನೂ ಕಂಡಳು. ಮಲಿಕಾಳ ಕಣ್ಣಲ್ಲಿ ನೀರು ಬಂತು. ಅದರಲ್ಲಿ ನಟನೆಯಿರಲಿಲ್ಲ.

"ನಂಗೆ ತುಂಬಾ ಬೇಜಾರಾಗ್ತಿದೆ ಅಕ್ಕ. ಮುಂದಿನ ತ್ರೈಮಾಸಿಕ ಸಭೆಯಲ್ಲಿ ಖಂಡಿತ ಈ ವಿಷಯ ಎತ್ತುತೀನಿ."

"ಅಂದ್ರೆ ಯಾವಾಗ?"

"ಮಾರ್ಚಲ್ಲಿ."

"ಅಲ್ಲೀಗಂಟ ಅವಳು ಉಸ್ರು ಬಿಗಿಹಿಡ್ಕೊಂಡಿರ್ಬೇಕಾ?"

ಕಂಟೇನರಿಗೆ ಬಂದು ಅಕ್ಕ ಅನಾರ್ಕಾನಳ ಪಕ್ಕ ಕೂತಳು. ಅವಳ ಮೇಲೆ ನಮ್ಮ ಹತ್ತು ಜನರ ಹೊದಿಕೆ ಇತ್ತು, ಆದರೂ ಮಂಚ ಅಲ್ಲಾಡುತ್ತಿತ್ತು. ಅಕ್ಕ ಚೀಟಿಯನ್ನು ಮತ್ತೊಮ್ಮೆ ಓದಿದಳು.

"ಬೆಚ್ಚಗಿನ ಕೋಣೆ, ಒಣಗಿದ್ದು," ಎಂದಳು. "ತೋತುಯಾ, ಬೀಗದಕೈ ನಿನ್ನತ್ರ ಐತಲ್ವೇನೇ?"

ದೂಳು ಹೊಡೆಯಲೆಂದು ಕೊಟ್ಟಿದ್ದ ಮಾದರಿ ಮನೆಯ ಬೀಗದಕೈ. ಇತ್ತು. ಇಲ್ಲ ಎನ್ನಬಹುದಿತ್ತು. ಊರಲ್ಲಿ ನನ್ನ ತಾಯಿ, ಎರಡು ಮಕ್ಕಳು. ಕೆಲಸ ಹೋಗಿ ಗಡೀಪಾರಾದರೆ ಮುಂದಿನ ಐದು ವರ್ಷ ಈ ದೇಶಕ್ಕೆ ಕಾಲಿಡಲು ಬಿಡುವುದಿಲ್ಲ. ಅಷ್ಟರಲ್ಲಿ ಅನಾರ್ಕಾನ್ ಕೆಮ್ಮಿದಳು. ಕೆಮ್ಮು ಮುಗಿಯಲೇ ಇಲ್ಲ. ನಾನು ಬೀಗದಕೈ ತೆಗೆದು ಅಕ್ಕನ ಕೈಗೆ ಹಾಕಿದೆ.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ, ಎಲ್ಲರೂ ನೋಡುತ್ತಿರುವಾಗಲೇ, ಅಂಗಳ ದಾಟಿ ಹೋದೆವು. ಅದೇ ಮರದ ತಟ್ಟೆ, ಅದೇ ಅನಾರ್ಕಾನ್. ಕ್ರೇನಿನ ಬುಡದಲ್ಲಿ ನಿಂತಿದ್ದ ಗಂಡಸರು ಸಿಗರೇಟು ಕೆಳಗಿಳಿಸಿದರು. ಯಾರೂ ತಡೆಯಲಿಲ್ಲ. ಇಬ್ಬರು ಮೆಟ್ಟಿಲಲ್ಲಿ ಕೈ ಕೊಟ್ಟರು.

ಮಾದರಿ ಮನೆಯ ದೊಡ್ಡ ಮಂಚದ ಮೇಲೆ ಏಳು ದಿಂಬುಗಳಿದ್ದವು. ಆರನ್ನು ಕೆಳಗೆಸೆದು ಅವಳನ್ನು ಮಲಗಿಸಿದೆವು. ಕಪಾಟಿನ ಪುಸ್ತಕಗಳು ರಟ್ಟಿನ ಡಬ್ಬಿಗಳು, ಒಳಗೆ ಟೊಳ್ಳು. ನಲ್ಲಿಯಲ್ಲಿ ನೀರಿಲ್ಲ. ಹಸಿದಿದ್ದ ಒಬ್ಬಳು ಬುಟ್ಟಿಯ ಸೇಬು ಕಚ್ಚಿ, ಮೇಣ ಉಗಿದು, ತನ್ನವ್ವನ ಆಣೆಗೂ ಈ ಮನೆ ಬೇಡವೆಂದಳು. ಆದರೆ ಗೋಡೆ ಬಿಸಿಯಿತ್ತು. ನಾವು ಹತ್ತು ಜನ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆವು.  ಹತ್ತು ನಿಮಿಷದಲ್ಲಿ ಅನಾರ್ಕಾನಳ ನಡುಕ ನಿಂತಿತು. ಸತ್ತಳೇನೋ ಎಂದು ಹೆದರಿ ಮೂಗಿನ ಹತ್ತಿರ ಕೈಯಿಟ್ಟೆ. ನಿದ್ದೆ ಮಾಡುತ್ತಿದ್ದಳು.

ಹನ್ನೊಂದಕ್ಕೆ ಬಾಗಿಲು ತೆರೆಯಿತು. ಮುಂದೆ ಮಲಿಕಾ, ಹಿಂದೆ ಬ್ಯಾಂಕಿನ ಮೂವರು: ನರೆಗೂದಲ ಎತ್ತರದ ಹೆಂಗಸೊಬ್ಬಳು, ಇಬ್ಬರು ಗಂಡಸರು. ಕೊನೆಯಲ್ಲಿ ಯೆರ್ಬೊಲಾತ್. ನಮ್ಮನ್ನು ನೋಡಿ ಅವನ ಮುಖ ಬೀಟ್‌ರೂಟಿನಂತಾಯಿತು. ಹಲ್ಲು ಕಚ್ಚಿ, "ಸೂಳೆಮುಂಡೇರಾ," ಎಂದ. ನಮ್ಮ ಭಾಷೆ ಅತಿಥಿಗಳಿಗೆ ತಿಳಿಯದು. ಅವರು ಅದನ್ನು ನಮಸ್ಕಾರವೆಂದುಕೊಂಡು ನಮ್ಮತ್ತ ತಲೆಬಾಗಿದರು.

ನರೆಗೂದಲಾಕೆ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಮಲಿಕಾ ಒಂದು ಕ್ಷಣ ತಡವರಿಸಿದಳು. ಒಂದೇ ಕ್ಷಣ. ಆಮೇಲೆ ಉತ್ತರ ಕೊಟ್ಟಳು. ಆ ಹೆಂಗಸಿನ ಮುಖ ಅರಳಿತು.

"ಏನಂದೆ ಅವಳಿಗೆ?" ಎಂದು ಕೇಳಿದಳು ಅಕ್ಕ.

"ನೀವು ಇಲ್ಲಿ ಮನೆ ತಗೊಂಡಿರೋರು ಅಂದೆ," ಎಂದಳು ಮಲಿಕಾ, ತುಟಿಯ ನಗು ಕದಲಿಸದೆ. "ದಯವಿಟ್ಟು ಅಕ್ಕ. ಹತ್ತೇ ನಿಮಿಷ. ಸಾಯಂಕಾಲದವರೆಗೂ ಇಲ್ಲೇ ಇರಿ, ನಾನು ಯಾರನ್ನೂ ಹೊರಗೆ ಹಾಕಿಸಲ್ಲ. ಮನೆ ಹೇಗಿದೆ ಅಂತ ಕೇಳ್ತಿದಾರೆ."

"ಹೇಳು ಅವಳಿಗೆ. ಮಂಚದ ಮ್ಯಾಲೆ ಮಲಗಿರೋ ಹುಡುಗಿಗೆ ಎರಡೂ ಪುಪ್ಪುಸ ಹೋಗವೆ. ನಾವಿರೋ ಡಬ್ಬೀಲಿ ಬೆಂಕಿ ಇಲ್ಲ. ನಿಮ್ಮ ಗುರಿ ಮುಟ್ಟಲಿ ಅಂತ ಕಿತ್ಕೊಂಡೋದ್ರು. ಹಿಂಗೇ ಹೇಳು."

ಮಲಿಕಾ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನರೆಗೂದಲಾಕೆ ಎದೆಯ ಮೇಲೆ ಕೈಯಿಟ್ಟು ನಕ್ಕಳು. ಗಂಡಸರಲ್ಲೊಬ್ಬ ಹೆಬ್ಬೆರಳೆತ್ತಿ ತೋರಿಸಿದ.

ಅಕ್ಕ ಅವರ ನಗುವನ್ನೇ ನೋಡಿದಳು. "ಹುಡುಗಿ ಸಾಯ್ತಾ ಅವಳೆ ಅಂದ್ರೆ ಯಾವ ದೇಶದ ಜನ ಹಿಂಗೆ ಹಲ್ಲು ಬಿಡ್ತಾರೇ, ತೋತುಯಾ?"

 ಸಾಯಂಕಾಲದವರೆಗೂ ಇರಬಹುದು ಎಂಬ ಮಾತು ನನ್ನ ಬೆನ್ನಿಗೆ ಬಿಸಿ ಗೋಡೆಯಂತೆ ಅಂಟಿಕೊಂಡಿತ್ತು. ನಿಜ ಹೇಳಬೇಕೆಂದರೆ, ಅಕ್ಕ ಸುಮ್ಮನಿದ್ದರೆ ಸಾಕು ಅನ್ನಿಸಿತ್ತು.

ಅಕ್ಕ ಎದ್ದಳು. ಬರುವಾಗ ಕ್ಯಾಂಟೀನಿನಿಂದ ತಂದು ಹೀಟರಿನ ಬಳಿ ಇಟ್ಟಿದ್ದ ಚಹಾದ ಹೂಜಿಯನ್ನು ನನ್ನ ಕೈಗೆ ಕೊಟ್ಟು, ನರೆಗೂದಲಾಕೆಯ ಮೊಣಕೈ ಹಿಡಿದು, ಇನ್ನೊಂದು ಕೈಯಿಂದ ಕಿಟಕಿಯಾಚೆಯ ಕಂಟೇನರ್ ತೋರಿಸಿ, ಚಹಾ ಕುಡಿಯುವ ಸನ್ನೆ ಮಾಡಿದಳು. ಅದಕ್ಕೆ ಅನುವಾದ ಬೇಕಿರಲಿಲ್ಲ. ಆಕೆ ಖುಷಿಯಿಂದ ಹೊರಟೇಬಿಟ್ಟಳು. ಮಲಿಕಾ ಹಿಂದೆ ಓಡಿದಳು, ಆ ಇಬ್ಬರು ಗಂಡಸರೂ ಹೊರಟರು; ಅನಾರ್ಕಾನಳ ಬಳಿ ಮೂವರನ್ನು ಬಿಟ್ಟು ನಾವೂ ಹೊರಟೆವು. ಯೆರ್ಬೊಲಾತ್ ಮೆಟ್ಟಿಲಲ್ಲಿ ಅಡ್ಡ ನಿಲ್ಲಲು ನೋಡಿದ. ಅತಿಥಿಯ ಮುಂದೆ ಅಡ್ಡ ನಿಂತು ಏನು ಹೇಳುವುದೆಂದು ತಿಳಿಯದೆ ಪಕ್ಕಕ್ಕೆ ಸರಿದ.

ಕಂಟೇನರಿನಲ್ಲಿ ಬೆಂಚಿನ ಮೇಲೆ ಮೂವರನ್ನೂ ಕೂರಿಸಿದೆವು. ಮಲಿಕಾಳನ್ನು ಪಕ್ಕದಲ್ಲಿ. ಯೆರ್ಬೊಲಾತನನ್ನು ಒಳಗೇ, ಬಾಗಿಲ ಹತ್ತಿರ. ಅಕ್ಕ ಬಾಗಿಲೆಳೆದುಕೊಂಡಳು. ಮೇಜಿನ ಮೇಲೆ ಬಟ್ಟೆ ಹಾಸಿ, ರೊಟ್ಟಿ ಮುರಿದಿಟ್ಟಳು; ರೊಟ್ಟಿ ಕಲ್ಲಿನಂತೆ ಕಟಕಟ ಎಂದಿತು. ಬಟ್ಟಲುಗಳಿಗೆ ಚಹಾ ಹೊಯ್ದಳು, ತಳ ಮುಚ್ಚುವಷ್ಟೇ. ಅತಿಥಿಗೆ ಬಟ್ಟಲು ತುಂಬಿ ಕೊಟ್ಟರೆ ಇನ್ನು ಹೊರಡಿ ಎಂದರ್ಥ. ಇಷ್ಟಿಷ್ಟೇ ಹೊಯ್ಯುತ್ತಿದ್ದರೆ ಕೂತಿರಿ ಎಂದರ್ಥ. ಮಲಿಕಾಳಿಗೆ ಅದು ಗೊತ್ತಿತ್ತು.

ಬ್ಯಾಂಕಿನವರು ಅಂಗಳ ದಾಟುವಷ್ಟೇ ತಾನೇ ಎಂದು ಬಿಚ್ಚಿದ್ದ ಕೋಟನ್ನು ಮಾದರಿ ಮನೆಯಲ್ಲೇ ಬಿಟ್ಟು ಬಂದಿದ್ದರು. ಮೊದಲ ಬಟ್ಟಲಿನವರೆಗೆ ನಗುತ್ತಿದ್ದರು. ಎರಡನೆಯದಕ್ಕೆ ಕೈಯನ್ನು ತೋಳಿನೊಳಗೆ ಎಳೆದುಕೊಂಡರು. ಮೂರನೆಯದಕ್ಕೆ ನರೆಗೂದಲಾಕೆ ಮೇಲೆ ನೋಡಿದಳು, ಗೋಡೆ ನೋಡಿದಳು, ಹನ್ನೊಂದು ಮಂಚಗಳನ್ನು ಬೆರಳಿಟ್ಟು ಎಣಿಸಿದಳು. ಏನೋ ಕೇಳಿದಳು. ಈ ಸಲ ನಗಲಿಲ್ಲ.

ಅಕ್ಕ ಆಸ್ಪತ್ರೆಯ ಚೀಟಿಯನ್ನು ರೊಟ್ಟಿಯ ಪಕ್ಕ ಇಟ್ಟು ಮಲಿಕಾಳ ಕಡೆ ತಳ್ಳಿದಳು.

"ಓದಿ ಹೇಳು. ಬರೆದಿರೋದನ್ನೇ ಹೇಳು."

"ಅಕ್ಕ, ನನ್ನ ಕೆಲಸ ಹೋಗತ್ತೆ."

"ನಮ್ಮದು ಬೆಳಗ್ಗೇನೇ ಹೋಯ್ತು ಮಗ."

"ಬಾಗ್ಲು ತೆಗಿಯೇ, ಬೇವರ್ಸಿ!" ಎಂದ ಯೆರ್ಬೊಲಾತ್. ಆದರೆ ಬಾಗಿಲಿಗೆ ಬೆನ್ನು ಕೊಟ್ಟು ನಾವು ಆರು ಜನ ನಿಂತಿದ್ದೆವು. ನಡುವೆ ನಾನೂ ಇದ್ದೆ. ಯಾವಾಗ ಹೋಗಿ ನಿಂತೆನೋ ನನಗೇ ನೆನಪಿಲ್ಲ.

ಮಲಿಕಾ ಚೀಟಿಯನ್ನು ಕೈಗೆತ್ತಿಕೊಂಡಳು.  ಬಾಯಿ ತೆರೆದಳು. ಹೊಗೆ ಬಂತು, ಮಾತು ಬರಲಿಲ್ಲ. ನರೆಗೂದಲಾಕೆ ಅವಳ ಬಾಯನ್ನೇ ನೋಡುತ್ತಿದ್ದಳು.

ಜೂರಾಕಾನಕ್ಕ ಹೂಜಿ ಎತ್ತಿ ಎಲ್ಲರಿಗೂ ಇನ್ನೊಂದು ಸುತ್ತು ಹೊಯ್ದಳು, ತಳ ಮುಚ್ಚುವಷ್ಟೇ.