ಕೇಳದೆ ಬಂದ ಗಂಡ ಮತ್ತು ಇತರ ಉಚಿತ ಕೊಡುಗೆಗಳು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಕಂಪ್ಯೂಟರಿನಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಕಣ್ಣೀರಿನಿಂದ ಶುರು ಮಾಡಿದರೆ ನನಗೇ ನಗು ಬರುತ್ತದೆ. ಮೂರನೆಯ ದಾರಿ ತಿಳಿಯದ್ದರಿಂದ ಅಕ್ಕನಿಂದಲೇ ಶುರು ಮಾಡುತ್ತೇನೆ.

ಅಕ್ಕ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಔಷಧಿ ಡಬ್ಬಿಯೊಳಗೆ ಹದಿನಾರು ಮಡಿಕೆ ಹಾಕಿ ತುರುಕಿರುತ್ತಾರಲ್ಲ, ಇರುವೆ ಸಾಲಿನಂಥ ಅಕ್ಷರದ ಕಾಗದ, ನೀವು ಒಮ್ಮೆ ಬಿಚ್ಚಿ ಮತ್ತೆ ಮಡಿಸಲಾಗದೆ ಬಿಸಾಡುವುದು, ಅದನ್ನು ಪೂರ್ತಿ ಓದುವ ಜೀವ ಇವಳು. ಅದೂ ಕೊನೆಯ ಸಾಲಿನಿಂದ ಮೊದಲ ಸಾಲಿಗೆ. ಮೇಲಿನಿಂದ ಓದಿದರೆ ಅರ್ಥ ಆಗಿಬಿಡುತ್ತದೆ, ಅರ್ಥ ಆದರೆ ತಪ್ಪು ಕಾಣುವುದಿಲ್ಲ ಎಂಬುದು ಮೂವತ್ತೊಂದು ವರ್ಷದ ಅನುಭವ. ಪ್ರೆಸ್ಸಿನಲ್ಲಿ ಎಲ್ಲರಿಗೂ ಅವಳು ಅಕ್ಕ, ನನಗೂ ಅಕ್ಕ. (ಎದುರಿಗೆ ‘ನೀವು’, ಕಥೆಯಲ್ಲಿ ‘ಅವಳು’. ಲೇಖಕರ ಮರ್ಯಾದೆ ಇಷ್ಟೇ.)

೨

ಶನಿವಾರ ಮಧ್ಯಾಹ್ನ. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅಕ್ಕನ ಗಂಡ ಒಳಗೆ ಬಂದು ಪೇಪರ್ ಬಿಡಿಸಿ ಕೂತ.

‘ಯಾರಪ್ಪ ಇದು?’ ಅಂದಳು ಅಕ್ಕ.

‘ನಿಮ್ಮ ಗಂಡ’ ಅಂದೆ ನಾನು.

‘ನಾನು ಕೇಳಿದ್ನಾ?’

‘ಇಲ್ಲ. ಐವತ್ತು ದಾಟಿದ ಹೆಂಗಸಿನ ಪಾತ್ರ ತಗೊಂಡ್ರೆ ಜೊತೆಗೆ ಬರ್ತಾನೆ. ಫ್ರೀ.’

‘ಫ್ರೀ ಆಗಿ ಬಂದೋನು ಊಟ ಮಾಡಲ್ವಾ? ತೆಗಿ.’

ತೆಗೆದೆ. (ತೆಗೆಯುವುದು ಹಾಕಿದಷ್ಟು ಸುಲಭವಲ್ಲ. ‘ನಿಜವಾಗಿಯೂ ಹೋಗಬೇಕೇ?’ ಎಂದು ಮೂರು ಸಲ ಕೇಳಿದ. ತೆಗೆಯುವ ಕಾರಣವೇನೆಂದು ಒಂದು ಫಾರಂ ತುಂಬಿಸಿಕೊಂಡ. ಹೋದವನು ಚಪ್ಪಲಿ ಇಲ್ಲೇ ಬಿಟ್ಟಿದ್ದಾನೆ. ಅದನ್ನು ಅಳಿಸುವುದು ಹೇಗೋ ಗೊತ್ತಾಗುತ್ತಿಲ್ಲ. ದಾಟಿಕೊಂಡು ಓಡಾಡಿ.)

೨, ಮತ್ತೆ

ಶನಿವಾರ ಮಧ್ಯಾಹ್ನ. ಪ್ರೆಸ್ಸಿಗೆ ಅರ್ಧ ದಿನ, ಎಲ್ಲರೂ ಹೋಗಿದ್ದಾರೆ. ಕರಡಿನ ಕೋಣೆಯ ಹಳೇ ಕಂಪ್ಯೂಟರಿನ ಮುಂದೆ ಅಕ್ಕ ಒಬ್ಬಳೇ ಕೂತಿದ್ದಾಳೆ. ಅವಳ ಮೊಬೈಲ್ ಗುಂಡಿ ಒತ್ತುವ ಕಾಲದ್ದು, ಮೇಲ್ ನೋಡಬೇಕಾದರೆ ಇದೊಂದೇ ಗತಿ.

ಮೇಲ್ ಬಂದಿರುವುದು ತಂಗಿಯಿಂದ. ಒಡಹುಟ್ಟಿದವಳು. ಇಬ್ಬರಿಗೂ ಮಾತು ಬಿಟ್ಟು ಒಂಬತ್ತು ವರ್ಷ.

‘ಅಕ್ಕಾ, ಫೋನಲ್ಲಿ ಹೇಳಿದ್ರೆ ನೀನು ನಡುವೆ ತಿದ್ದುತೀಯ. ಅದಕ್ಕೆ ವಿಡಿಯೊ ಮಾಡಿದೀನಿ. ಪೂರ್ತಿ ನೋಡು. ಅದರಲ್ಲಿ ಕೇಳಿರೋದಕ್ಕೆ ಒಪ್ಪಿಗೆ ಇದ್ರೆ ಇವತ್ತು ಸಂಜೆ ಐದರೊಳಗೆ ಫೋನ್ ಮಾಡು. ಮಾಡ್ಲಿಲ್ಲ ಅಂದ್ರೆ ಬೇಡ ಅಂದೆ ಅಂತ ತಿಳ್ಕೋತೀನಿ. ಇನ್ನೊಂದ್ಸಲ ಕೇಳಲ್ಲ.’

ಕೆಳಗೆ ನಂಬರ್ ಇತ್ತು. ಗಡಿಯಾರದಲ್ಲಿ ಮೂರು ಗಂಟೆ. ಅಕ್ಕ ವಿಡಿಯೊ ಒತ್ತಿದಳು. ಬೂದು ಬಣ್ಣದ ಚೌಕ ಬಂತು. ಇದನ್ನು ನೋಡಲು ಪ್ಲಗ್-ಇನ್ ಎಂಬ ಪುಟ್ಟ ತಂತ್ರಾಂಶ ಬೇಕಂತೆ. ಲೋಕದಲ್ಲಿ ಎಲ್ಲರ ಬಳಿಯೂ ಇದೆಯಂತೆ, ಇವಳ ಬಳಿ ಮಾತ್ರ ಇಲ್ಲವಂತೆ.

೩

ಪ್ಲಗ್-ಇನ್ ಜೊತೆಗೆ ಒಪ್ಪಂದದ ಪತ್ರ ಬರುತ್ತದೆ. ನೀವು ಓದುವುದಿಲ್ಲ. ನಾನೂ ಓದುವುದಿಲ್ಲ. ಬರೆದ ವಕೀಲನೂ ಇನ್ನೊಂದರಿಂದ ನಕಲು ಮಾಡಿರುತ್ತಾನೆ. ಅಕ್ಕ ಕೊನೆಯ ಸಾಲಿನಿಂದ ಶುರು ಮಾಡಿದಳು.

‘ಅಕ್ಕಾ, ಐದರೊಳಗೆ ಅಂತ ಹೇಳಿದಾರೆ.’

‘ನೀನು ಸುಮ್ನಿರಪ್ಪ. ಓದದೆ ಸಹಿ ಹಾಕೋ ವಂಶ ನಮ್ಮದಲ್ಲ.’

ಮುಕ್ಕಾಲು ಗಂಟೆ ಓದಿದಳು. ಆರು ತಪ್ಪು ಹಿಡಿದು ಚೀಟಿಯಲ್ಲಿ ಬರೆದಿಟ್ಟುಕೊಂಡಳು. ಪತ್ರ ಮುಗಿದ ಮೇಲೆ ಕಂಪ್ಯೂಟರಿನ ಆ ಕಿಟಕಿಯ ತಳದಲ್ಲಿ ಇನ್ನೊಂದು ಸಾಲು ಉಳಿದಿತ್ತು. ಪಕ್ಕದ ಪುಟ್ಟ ಚೌಕದಲ್ಲಿ ಆಗಲೇ ಟಿಕ್ ಬಿದ್ದಿತ್ತು: ‘ಹೌದು, ಉಚಿತ ದೋಷ ತಪಾಸಣೆ ತಂತ್ರಾಂಶವನ್ನೂ ಹಾಕಿ.’

ಅಕ್ಕ ಅದನ್ನು ನೋಡಿದಳು. ಮುಟ್ಟಲಿಲ್ಲ. ‘ಮುಂದೆ’ ಒತ್ತಿದಳು.

(ಇಷ್ಟು ಓದುವವಳು ಅದನ್ನು ಹೇಗೆ ಬಿಟ್ಟಳು ಎಂದು ಕೇಳುತ್ತೀರಿ. ಕರಡಿನ ಕೋಣೆಯಲ್ಲಿ ಒಂದು ನಡವಳಿಕೆ ಇದೆ. ಅಂಚಿನಲ್ಲಿ ಟಿಕ್ ಇದ್ದರೆ ಮೊದಲನೆಯವರು ಓದಿ, ಸರಿ ಎಂದಿದ್ದಾರೆ ಎಂದು ಲೆಕ್ಕ. ಇನ್ನೊಬ್ಬರ ಟಿಕ್ ಅಳಿಸುವುದು ಅವರ ಕೆನ್ನೆಗೆ ಹೊಡೆದಂತೆ. ಯಾರೋ ನೋಡೇ ಹಾಕಿರುತ್ತಾರೆ ಎಂದುಕೊಂಡಳು ಅಕ್ಕ.)

೪

‘ನಿಮ್ಮ ಕಂಪ್ಯೂಟರಿನಲ್ಲಿ ೪೧೨ ದೋಷಗಳಿವೆ.’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಕ್ಕ ಮೊದಲು ತನ್ನ ಚೀಟಿಯನ್ನು ನೋಡಿಕೊಂಡಳು. ಆಮೇಲೆ ಸಿಟ್ಟು ಬಂತು.

‘ಯಾವ ಪುಟ? ಯಾವ ಸಾಲು?’

‘ತೋರಿಸು’ ಒತ್ತಿದಳು. ದೋಷಗಳು ೫೩೦ ಆದವು. ತೋರಿಸುವುದಕ್ಕೆ ದುಡ್ಡು ಕೊಟ್ಟು ಕೊಳ್ಳುವ ಪೂರ್ಣ ಆವೃತ್ತಿ ಬೇಕಂತೆ.

‘ತಪ್ಪಿದೆ ಅಂತಾರೆ, ಎಲ್ಲಿ ಅಂತ ಹೇಳಲ್ಲ. ನಮ್ಮ ಮ್ಯಾನೇಜರ್ ಥರ.’

ಅತ್ತ ವಿಡಿಯೊ ಓಡತೊಡಗಿತ್ತು. ಅದರ ಮೇಲೆಯೇ ಈ ದೋಷದ ಕಿಟಕಿ ಚಕ್ಕಳಮಕ್ಕಳ ಹಾಕಿ ಕೂತಿತ್ತು. ತಂಗಿಯ ಹಣೆ ಮತ್ತು ಬೈತಲೆಯಷ್ಟೇ ಕಾಣುತ್ತಿತ್ತು. ಬೈತಲೆಯ ಎರಡೂ ಕಡೆ ನರೆತಿತ್ತು, ಅದನ್ನು ನೋಡಿ ಅಕ್ಕನಿಗೆ ಸಂಕಟವಾಯಿತು. ‘ಅಕ್ಕಾ’ ಎಂಬ ದನಿ ಕೇಳಿಸಿತು, ಹಿಂದೆಯೇ ಪೀಂ ಪೀಂ ಸದ್ದು. ಮುಚ್ಚಿದರೆ ಇನ್ನೊಂದು ಕಿಟಕಿ. ಅದನ್ನು ಮುಚ್ಚಿದರೆ ಎರಡು. ಗಂಟೆ ನಾಲ್ಕೂವರೆ ಆಯಿತು.

‘ಒಬ್ಬ ಎಂಜಿನಿಯರ್ ಪಾತ್ರ ತರಲಾ ಅಕ್ಕಾ?’

‘ಅವನ ಜೊತೆ ಇನ್ನೇನೇನು ಬರುತ್ತೋ. ಬೇಡ. ಮೊದಲು ಹೇಳು, ಆ ಟಿಕ್ ಹಾಕಿದ್ದು ಯಾರು?’

‘ಯಾರೂ ಓದಿ ಹಾಕಿದ್ದಲ್ಲ. ಮೊದಲೇ ಇರುತ್ತೆ. ಓದದೇ ಇರೋರು ಬೀಳಲಿ ಅಂತ.’

‘ನಾನು ಓದಿದ್ನಲ್ಲ?’

‘ಎಲ್ಲಾ ಓದಿದ್ರಿ, ಟಿಕ್ ಇದ್ದ ಜಾಗ ಬಿಟ್ಟು. ಅಲ್ಲಿ ಇನ್ನೊಬ್ಬರನ್ನ ನಂಬಿದ್ರಿ.’

ನಾನು ತಮಾಷೆಗೆ ಅಂದದ್ದು. ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

೫

(ಇದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಈಗಲೇ ಹೇಳಬೇಕಾಗಿದೆ.)

ತಂಗಿಯೂ ಇದೇ ಕೋಣೆಯಲ್ಲಿ ಕೆಲಸಕ್ಕಿದ್ದಳು. ಮೊದಲ ಓದು ತಂಗಿಯದು, ಎರಡನೆಯದು ಅಕ್ಕನದು. ಒಂಬತ್ತು ವರ್ಷದ ಹಿಂದೆ ಮಕ್ಕಳ ಕೆಮ್ಮಿನ ಔಷಧಿಯ ಕಾಗದದಲ್ಲಿ ‘ದಿನಕ್ಕೆ ಎರಡು ಬಾರಿ’ ಎಂದಿರಬೇಕಾದ ಕಡೆ ‘ಎರಡು ಗಂಟೆಗೊಮ್ಮೆ’ ಎಂದು ಅಚ್ಚಾಯಿತು. ಡಬ್ಬಿಗಳು ಅಂಗಡಿಗೆ ಹೋಗುವ ಮೊದಲೇ ಗೋದಾಮಿನಲ್ಲಿ ಯಾರೋ ಗಮನಿಸಿದರು, ಯಾವ ಮಗುವಿಗೂ ಏನೂ ಆಗಲಿಲ್ಲ. ಮ್ಯಾನೇಜರ್ ಇಬ್ಬರನ್ನೂ ಕರೆದು ಕೇಳಿದ. ಅಕ್ಕ ಅಂದಳು, ‘ಅವಳ ಟಿಕ್ ಇತ್ತು ಸರ್.’ ತಂಗಿ ತನ್ನ ಪೆನ್ಸಿಲ್ ಮೇಜಿನ ಮೇಲಿಟ್ಟು ಹೊರಟುಹೋದಳು.

(ಆ ಪೆನ್ಸಿಲ್ ಇಂದಿಗೂ ಅಕ್ಕನ ಡ್ರಾಯರಿನಲ್ಲಿದೆ ಎಂದು ಬರೆದಿದ್ದೆ. ‘ಸುಳ್ಳು, ಅವತ್ತೇ ಯಾರೋ ಎತ್ಕೊಂಡು ಹೋದ್ರು’ ಎಂದು ಅಕ್ಕ ಹೊಡೆದುಹಾಕಿದ್ದಾಳೆ.)

‘ಅವತ್ತೂ ನಾನು ಓದಿರ್ಲಿಲ್ಲ’ ಅಂದಳು ಅಕ್ಕ. ‘ಅವಳ ಟಿಕ್ ನೋಡ್ದೆ, ಕಳಿಸ್ದೆ. ಎರಡನೇ ಸಲ ಓದೋಕೆ ತಾನೇ ನನಗೆ ಕುರ್ಚಿ ಕೊಟ್ಟಿದ್ದು? ಓದಿದ್ದೆ ಅಂತಲೇ ಇಷ್ಟು ವರ್ಷ ಅಂದ್ಕೊಂಡಿದ್ದೆ.’

ನನಗೆ ನಾಚಿಕೆಯಾಯಿತು. ಈ ಕಥೆಯನ್ನು ಹುಡುಗಾಟಕ್ಕೆಂದು ತೆಗೆದುಕೊಂಡಿದ್ದೆ.

೬

ಗಂಟೆ ಐದಕ್ಕೆ ಹನ್ನೆರಡು ನಿಮಿಷ ಇದೆ. ಕೈಲಾದ ಸಹಾಯ ಎಂದು ಮೂರು ಮುಕ್ತಾಯ ತಯಾರಿಸಿದ್ದೇನೆ.

☑ ಅ. ಕಿಟಕಿಗಳು ತಾವಾಗಿಯೇ ಮಾಯವಾಗುತ್ತವೆ. ವಿಡಿಯೊದಲ್ಲಿ ತಂಗಿ ಕ್ಷಮೆ ಕೇಳುತ್ತಾಳೆ. ಅಪ್ಪುಗೆ. (ನಿಮ್ಮ ಅನುಕೂಲಕ್ಕೆ ಟಿಕ್ ಹಾಕಿದೆ.)

☐ ಆ. ಐದು ಹೊಡೆಯುತ್ತದೆ. ದೋಷಗಳು ೯೦೦ ದಾಟುತ್ತವೆ. ಅಕ್ಕ ಸ್ವಿಚ್ ಆರಿಸುತ್ತಾಳೆ. (ವಿಮರ್ಶಕರಿಗೆ.)

☐ ಇ. ಗಂಡ ಚಪ್ಪಲಿಗೆಂದು ವಾಪಸ್ ಬರುತ್ತಾನೆ. ನೋಡಿದರೆ ಅವನೇ ಎಂಜಿನಿಯರ್.

ಅಕ್ಕ ಕೆಳಗಿನಿಂದ ಮೇಲಕ್ಕೆ ಓದಿದಳು. ಮೊದಲನೆಯದರ ಟಿಕ್ ಮೇಲೆ ಬೆರಳಿಟ್ಟಳು.

‘ಇದನ್ನ ಓದಿ ಹಾಕಿದ್ಯಾ?’

‘ಇಲ್ಲ’ ಅಂದೆ. ಅವಳು ಟಿಕ್ ತೆಗೆದಳು. ಮೊಬೈಲ್ ತೆಗೆದುಕೊಂಡು ತಂಗಿಯ ನಂಬರ್ ಒತ್ತತೊಡಗಿದಳು.

‘ಅಕ್ಕಾ, ವಿಡಿಯೊ ಇನ್ನೂ ನೋಡಿಲ್ಲ. ಅವರು ಏನು ಷರತ್ತು ಹಾಕಿದಾರೋ. ಮ್ಯಾನೇಜರ್ ಎದುರಿಗೆ ಬಂದು ನಿಜ ಹೇಳು ಅಂದಿದ್ರೆ?’

‘ಹೇಳ್ತೀನಿ.’

‘ಬೈದು ಬಿಟ್ಟಿದ್ರೆ?’

‘ಬೈಯಲಿ. ಏನಿದ್ರೂ ಒಪ್ಪಿದೀನಿ.’

‘ಓದದೆ?’

‘ಓದದೆ. ಈ ಸಲ ಟಿಕ್ ನನ್ನದೇ.’

ಮೂರನೇ ರಿಂಗಿಗೆ ಅತ್ತ ಕಡೆ ಯಾರೋ ಎತ್ತಿದರು.

‘ನಾನು ಕಣೆ’ ಅಂದಳು ಅಕ್ಕ. ‘ಒಂದು ನಿಮಿಷ ಸುಮ್ನಿರು, ನಡುವೆ ಏನೂ ಅನ್ಬೇಡ. ಅವತ್ತು ಆ ಕಾಗದ ನಾನು ಓದಿರ್ಲಿಲ್ಲ. ತಪ್ಪು ಮೊದಲು ನನ್ನದು.’

ನಾನು ಪೆನ್ನು ಹಿಡಿದು ಮುಂದಕ್ಕೆ ಬಾಗಿದೆ. ಅಕ್ಕ ಬಾಗಿಲ ಕಡೆ ಕೈ ತೋರಿಸಿದಳು.

೭

ಹೊರಗೆ ಬರುವಾಗ ಚಪ್ಪಲಿ ಎಡವಿ ಬೀಳುವುದರಲ್ಲಿದ್ದೆ. ಮನೆಯ ಬಾಗಿಲಲ್ಲಿ ಬಿಟ್ಟದ್ದು ಪ್ರೆಸ್ಸಿನ ಬಾಗಿಲಿಗೂ ಬಂದಿದೆ. ಬೇಡದ್ದಕ್ಕೆ ಯಾರೂ ವಿಳಾಸ ಹೇಳಿಕೊಡಬೇಕಾಗಿಲ್ಲ.

ತಂಗಿ ಏನಂದಳು, ವಿಡಿಯೊದಲ್ಲಿ ಏನಿತ್ತು ಎಂದು ನನ್ನನ್ನು ಕೇಳಬೇಡಿ. ಊಹಿಸಿ ಬರೆಯಬಲ್ಲೆ, ಆದರೆ ಅದು ಓದದೆ ಹಾಕಿದ ಟಿಕ್ ಆಗುತ್ತದೆ. ಮೆಟ್ಟಿಲ ಮೇಲೆ ಕೂತಿದ್ದೇನೆ. ಐದು ಹೊಡೆದು ಎಷ್ಟೋ ಹೊತ್ತಾಯಿತು. ಒಳಗಿನಿಂದ ದೋಷ ಎಣಿಸುವ ಪೀಂ ಪೀಂ ಬಿಟ್ಟರೆ ಅಕ್ಕನ ದನಿ ಕೇಳಿಸುತ್ತಿಲ್ಲ. ಅತ್ತ ಕಡೆಯವಳು ಮಾತಾಡುತ್ತಿರಬೇಕು, ಇವಳು ತಿದ್ದದೆ ಕೇಳುತ್ತಿದ್ದಾಳೆ.