ಹಸಿರು ಕಾರ್ಡಿನ ಡಾಕ್ಟರು

ಶನಿವಾರದ ರಗ್ಬಿ ಆಟದಲ್ಲಿ ನನ್ನ ಮಗಳು ಲೈನೆಯ ಮೇಲೆ ಇಬ್ಬರು ಹುಡುಗಿಯರು ಒಟ್ಟಿಗೆ ಬಿದ್ದರು. ಮಂಡಿಯ ಹೊರಬದಿಗೆ ಬಲವಾದ ಪೆಟ್ಟು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲ, ಊರುಗೋಲು ಹಿಡಿದು ನಡೆಯಲಿ, ಆಟಗಾರರ ಗಾಯ ನೋಡುವ ಡಾಕ್ಟರಿಗೆ ತೋರಿಸಿ ಎಂದು ಕಳಿಸಿಬಿಟ್ಟರು.

ಅಂಥ ಡಾಕ್ಟರು ಸಿಡ್ನಿಯಲ್ಲಿ ಬೇಕಾದಷ್ಟಿದ್ದಾರೆ. ಸರ್ಕಾರಿ ವಿಮೆಯ ಹಸಿರು ಕಾರ್ಡನ್ನಷ್ಟೇ ತೋರಿಸಿದರೆ ನೋಡುವವರು ಎಲ್ಲಿದ್ದಾರೆ? ಸೋಮವಾರ ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿದ್ದಷ್ಟು ಹೊತ್ತೂ ನಾನು ಫೋನು ಮಾಡಿದೆ. ಪ್ರತಿ ಕಡೆಯೂ ನಯವಾದ ದನಿ, "ಕಾರ್ಡ್ ಮಾತ್ರನಾ? ಸಾರಿ ಡಾರ್ಲಿಂಗ್, ನಮ್ಮಲ್ಲಿ ಮೇಲೆ ದುಡ್ಡು ಕಟ್ಬೇಕಾಗತ್ತೆ" ಎನ್ನುತ್ತಿತ್ತು. ನಾನೇ ತಪ್ಪು ಮಾಡಿದವಳಂತೆ ಥ್ಯಾಂಕ್ಸ್ ಹೇಳಿ ಇಡುತ್ತಿದ್ದೆ. ಅಷ್ಟರಲ್ಲಿ ಲೈನೆಯ ಮಂಡಿ ಇನ್ನಷ್ಟು ಊದಿ, ಚರ್ಮ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

ಕೊನೆಗೆ ಒಬ್ಬರು ಸಿಕ್ಕರು. ಡಾಕ್ಟರ್ ಹಾರ್ಟಿಗನ್. ಕಾರ್ಡು ಸಾಕು, ಆದರೆ ಮೊದಲು ಫೋನಿನಲ್ಲಿ ಮಾತು, ಆಮೇಲೆ ಸರದಿ ಎಂದರು. ನಾನು ಅಡುಗೆಮನೆಯಲ್ಲೇ ಕಣ್ಣು ಮುಚ್ಚಿ ದೇವರಿಗೆ ಕೈಮುಗಿದೆ.

ಮಂಗಳವಾರ ಬೆಳಿಗ್ಗೆ ಡಾಕ್ಟರು ಕರೆ ಮಾಡಿದಾಗ ನಾನು ಕೆಸುವಿನ ಗೆಡ್ಡೆ ಹೆರೆಯುತ್ತಿದ್ದೆ. ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ. ಲೈನೆ ಎದುರಿಗೆ ಕೂತಿದ್ದಳು. ಪಕ್ಕದಲ್ಲಿ ನನ್ನ ಗಂಡನ ಅಕ್ಕ ಲೆಸಿಯೆಲಿ.

"ನೋವು ತುಂಬಾ ಇದೆಯಾ?" ಎಂದರು ಡಾಕ್ಟರು.

"ಪರ್ವಾಗಿಲ್ಲ ಡಾಕ್ಟ್ರೇ," ಎಂದಳು ಲೈನೆ. ದೊಡ್ಡವರ ಮುಂದೆ ಅವಳ ದನಿ ಏಳುವುದೇ ಇಲ್ಲ.

"ಪಾದದ ಮೇಲೆಲ್ಲಾದ್ರೂ ಜೋಮು ಹಿಡಿದ ಹಾಗಿದೆಯಾ?"

ಲೈನೆ ಹುಬ್ಬು ಮೇಲೆತ್ತಿದಳು. ಹೌದು ಎನ್ನುವುದಕ್ಕೆ ನಮ್ಮ ಟೊಂಗಾದವರಿಗೆ ಅಷ್ಟು ಸಾಕು. ನಾನು ನೋಡಿದೆ. ಲೆಸಿಯೆಲಿಯೂ ನೋಡಿದಳು.

"ಪಾದ ಎತ್ತೋಕೆ ಕಷ್ಟ ಆಗತ್ತಾ?"

ಮತ್ತೆ ಹುಬ್ಬು.

"ಸರಿ, ಒಳ್ಳೇದು," ಎಂದರು ಡಾಕ್ಟರು. "ಮಂಜುಗಡ್ಡೆ ಇಡಿ, ಕಾಲು ಎತ್ತರದಲ್ಲಿರ್ಲಿ. ಮೂರು ವಾರ ಬಿಟ್ಟು ಬನ್ನಿ."

ಮೂರು ವಾರ! ಪಾದಕ್ಕೆ ಸ್ಪರ್ಶವಿಲ್ಲ ಎಂದರೂ ಒಳ್ಳೆಯದು ಎನ್ನುತ್ತಾರಲ್ಲ? ಓದಿದವರು, ಅವರಿಗೆ ಗೊತ್ತಿರುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಲೈನೆ ಬಚ್ಚಲಿಗೆ ಹೋಗುವಾಗ ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಚಪ್ಪಲಿ ಹಿಂದೆಯೇ ಉಳಿದಿತ್ತು. ಅದು ಕಳಚಿದ್ದೂ ಅವಳಿಗೆ ತಿಳಿದಿರಲಿಲ್ಲ.

ಮಧ್ಯಾಹ್ನ ಒಲೆಯ ಮುಂದಿನಿಂದಲೇ ಕೂಗಿದೆ, "ಲೈನೇ, ಊಟಕ್ಕೆ ಹಾಕ್ಲಾ?"

ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ಕೈ ಒರೆಸಿಕೊಂಡು ಒಳಗೆ ಹೋದೆ.

"ಕಿವಿ ಏನಾಗಿದೆಯೇ ನಿಂಗೆ? ಬಾಯಿ ಬಿಟ್ಟು ಹೇಳಬಾರ್ದಾ?"

"ಆಗ್ಲೇ ಹೂಂ ಅಂದ್ನಲ್ಲಮ್ಮಾ!" ಎಂದು ಹುಬ್ಬು ಕುಣಿಸಿದಳು.

"ಗೋಡೆ ಆಚೆಯಿಂದ ನಿನ್ನ ಹುಬ್ಬು ನಂಗೆ ಕಾಣತ್ತೇನೇ, ಕೋತಿ?"

ಹೇಳಿದ ಮಾತು ಬಾಯಲ್ಲೇ ತಣ್ಣಗಾಯಿತು. ಡಾಕ್ಟರಿಗೂ ಕಂಡಿರಲಿಲ್ಲ. ಅವರಿಗೆ ಕೇಳಿಸಿದ್ದು ಬರೀ ಮೌನ. ಆ ಮೌನವನ್ನೇ ಅವರು 'ಇಲ್ಲ' ಎಂದುಕೊಂಡಿದ್ದರು. ಮೂವರು ಮೇಜಿನ ಸುತ್ತ ಕೂತಿದ್ದೆವು, ಒಬ್ಬರಿಗೂ ಹೊಳೆದಿರಲಿಲ್ಲ.

ನಾನು ಫೋನಿಗೆ ಕೈ ಹಾಕಿದೆ. ಅಲ್ಲೇ ಇದ್ದ ಲೆಸಿಯೆಲಿ ನನ್ನ ಕೈ ಹಿಡಿದಳು. "ಹುಚ್ಚಾ ನಿಂಗೆ? ಊರೆಲ್ಲಾ ಹುಡುಕಿ ಸಿಕ್ಕಿರೋದು ಆ ಡಾಕ್ಟ್ರೊಬ್ರೇ. ಕೊಟ್ಟ ದಿನ ಸಾಲದು ಅಂತ ಪೀಡಿಸಿದ್ರೆ ಹೆಸ್ರು ಹೊಡೆದು ಹಾಕ್ತಾರೆ. ಆಮೇಲೆ ಯಾರ ಹತ್ರ ಹೋಗ್ತೀಯಾ?"

ನಮ್ಮಲ್ಲಿ ಗಂಡನ ಅಕ್ಕನ ಮಾತು ಗಂಡನ ಮಾತಿಗಿಂತ ಮೇಲು. ಮದುವೆಯಾದಂದಿನಿಂದ ನಾನು ಅವಳಿಗೆ ಎದುರಾಡಿದವಳಲ್ಲ. ಅವಳು ಹೇಳಿದ ಭಯ ನನ್ನ ಭಯವೂ ಆಗಿತ್ತು. ಆದರೆ ಬಾಗಿಲ ಬಳಿ ಬಿದ್ದಿದ್ದ ಚಪ್ಪಲಿ ಕಣ್ಣಿಗೆ ಬಿತ್ತು.

"ಅಕ್ಕಾ, ಕೈ ಬಿಡಿ," ಎಂದೆ.

ಅವಳು ಬಿಟ್ಟಳು. ಸಿಟ್ಟಿಗಲ್ಲ, ಆಶ್ಚರ್ಯಕ್ಕೆ.

ಫೋನೆತ್ತಿದ ಹುಡುಗಿ, "ಡಾಕ್ಟ್ರು ಪೇಷಂಟ್ ನೋಡ್ತಿದಾರೆ. ನಿಮ್ಮ ಸರದಿ ಮೂರು ವಾರ ಬಿಟ್ಟು ಇದೆಯಲ್ಲ ಮೇಡಂ," ಎಂದಳು.

"ನನ್ನ ಮಗಳು ಇಲ್ಲ ಅಂದಿಲ್ಲ. ಹೌದು ಅಂದಿದಾಳೆ. ಹುಬ್ಬಲ್ಲಿ ಹೇಳಿದಾಳೆ."

"ಏನಲ್ಲಿ?"

"ಹುಬ್ಬಲ್ಲಿ ಕಣಮ್ಮಾ! ಫೋನಿಗೆ ಕಾಣ್ಲಿಲ್ಲ. ಕಾಲಲ್ಲಿ ಸ್ಪರ್ಶ ಇಲ್ಲ. ಡಾಕ್ಟ್ರಿಗೆ ಇಷ್ಟು ಹೇಳು, ನಾನು ಇಡಲ್ಲ, ಕಾಯ್ತೀನಿ."

ಕಾಯುವಾಗಿನ ಸಂಗೀತ ಮತ್ತೆ ಮತ್ತೆ ಅದೇ ತುಣುಕು ನುಡಿಸುತ್ತಿತ್ತು. ಫೋನು ಕಟ್ಟಾದರೆ ಎಂದು ನಾನು ಉಸಿರನ್ನೂ ಗಟ್ಟಿಯಾಗಿ ಬಿಡಲಿಲ್ಲ. ಆಮೇಲೆ ಡಾಕ್ಟರ ದನಿ, "ಲೈನೆ ಇದ್ದಾಳಾ? ಈ ಸಲ ಬಾಯಲ್ಲಿ ಹೇಳು ಮಗಳೇ. ಪಾದ ಜೋಮು ಹಿಡಿದಿದೆಯಾ?"

"ಹೂಂ."

"ಮೇಲಕ್ಕೆ ಎತ್ತು ನೋಡೋಣ. ಬರತ್ತಾ?"

ಲೈನೆ ಪಾದವನ್ನೇ ನೋಡಿದಳು. ಅದು ಬೇರೆ ಯಾರದೋ ಎಂಬಂತೆ ಬಿದ್ದಿತ್ತು. "ಬರ್ತಿಲ್ಲ," ಎಂದಳು, ಅಳು ಬಂತು.

"ನನ್ನ ಹತ್ರ ಬರಬೇಡಿ. ಸೀದಾ ಆಸ್ಪತ್ರೆಗೆ ಹೋಗಿ, ಈಗ್ಲೇ. ನಾನೇ ಅಲ್ಲಿಗೆ ಫೋನ್ ಮಾಡ್ತೀನಿ."

ಕಾರಿನ ಕೀಲಿ ಎತ್ತಿಕೊಂಡವಳು ಲೆಸಿಯೆಲಿ. ದಾರಿಯುದ್ದಕ್ಕೂ ಅವಳು ಮುಂದಿನ ಕಾರುಗಳಿಗೆಲ್ಲ ಬೈದಳು, ನನಗೆ ಒಂದು ಮಾತೂ ಬೈಯಲಿಲ್ಲ.

ಮಂಡಿಯ ಬದಿಯಲ್ಲಿ ರಕ್ತ ಹೆಪ್ಪುಗಟ್ಟಿ ನರವನ್ನು ಅದುಮುತ್ತಿತ್ತಂತೆ. ಆ ಸಂಜೆಯೇ ಕೊಯ್ದು ತೆಗೆದರು. ಮರುದಿನ ಬೆಳಿಗ್ಗೆ ಡಾಕ್ಟರ್ ಹಾರ್ಟಿಗನ್ ಫೋನು ಮಾಡಿದರು. "ನರ ಹರಿದಿಲ್ಲ. ಆದ್ರೆ ಎಷ್ಟು ವಾಪಸ್ ಬರತ್ತೆ ಅಂತ ಮಾತು ಕೊಡಕ್ಕಾಗಲ್ಲ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸ್ಬೇಕು. ಕರ್ಕೊಂಡು ಬನ್ನಿ, ಕಾರ್ಡ್ ಸಾಕು." ಫೋನಿಡುವ ಮುಂಚೆ, "ನಾನು ಉತ್ತರಕ್ಕೆ ಕಾಯ್ಬೇಕಿತ್ತು," ಎಂದರು.

ಲೈನೆ ಇನ್ನೂ ನಿದ್ದೆಯಲ್ಲಿದ್ದಳು. ಹೊದಿಕೆಯಿಂದ ಹೊರಗೆ ಚಾಚಿದ್ದ ಪಾದ ಕಂದಿತ್ತು. ಮುಟ್ಟಲು ಧೈರ್ಯ ಬರಲಿಲ್ಲ. ಮುಟ್ಟಿದರೆ ಸ್ಪರ್ಶ ಮರಳಿದೆಯೋ ಇಲ್ಲವೋ ತಿಳಿದುಬಿಡುತ್ತದಲ್ಲ. ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದೆ. ಆಮೇಲೆ, ಅವಳು ಹಸುಗೂಸಾಗಿದ್ದಾಗ ಸ್ನಾನದ ನೀರಿನ ಬಿಸಿ ನೋಡುತ್ತಿದ್ದ ಹಾಗೆ, ಬೆರಳ ತುದಿಯನ್ನಷ್ಟೇ ಪಾದದ ಮೇಲಿಟ್ಟೆ.

"ಅಮ್ಮಾ," ಎಂದಳು ಕಣ್ಣು ಬಿಡದೆಯೇ, "ಕೈ ಯಾಕೆ ಇಷ್ಟು ತಣ್ಣಗಿದೆ?"